20 ಡಾಲರ್ ಲಿಮಿಟ್, ಕೈಯಲ್ಲಿ ಐಪಾಡ್
ಡಿಸೆಂಬರ್ ಬಂತು ಅಂದ್ರೆ ಅಮೆರಿಕದ ಕಾಮಿಡಿ ಸೀರಿಯಲ್ ‘ದಿ ಆಫೀಸ್’ನ ‘ಕ್ರಿಸ್ಮಸ್ ಪಾರ್ಟಿ’ ಎಪಿಸೋಡ್ ನಾನು ಮತ್ತೆ ನೋಡಲೇಬೇಕು. 2005ರದ್ದು. ಆಫೀಸಿನವರೆಲ್ಲ ಒಬ್ಬೊಬ್ಬರಿಗೆ ಗುಟ್ಟಾಗಿ ಗಿಫ್ಟ್ ತರುವ ‘ಸೀಕ್ರೆಟ್ ಸಾಂಟಾ’ ಆಟ. ಗಿಫ್ಟ್ 20 ಡಾಲರ್ ದಾಟಬಾರದು ಅಂತ ರೂಲ್ಸ್. ಬಾಸ್ ಮೈಕಲ್ ಮಾತ್ರ ಹಾಡು ಕೇಳುವ ದುಬಾರಿ ಐಪಾಡ್ ತಂದಿರುತ್ತಾನೆ! ಅವನಿಗೆ ಸಿಗೋದು ಆಫೀಸಿನ ಫಿಲಿಸ್ ಕೈಯಾರೆ ಹೆಣೆದ ಅಡುಗೆಮನೆ ಕೈಗವಸು. ಮುಖ ಗಂಟು ಹಾಕಿಕೊಂಡು ಆಟವನ್ನೇ ಬದಲಾಯಿಸಿಬಿಡುತ್ತಾನೆ: ಯಾರ ಗಿಫ್ಟನ್ನು ಯಾರು ಬೇಕಾದರೂ ಕಿತ್ಕೊಳ್ಳಬಹುದು. ಪಾಪ ಫಿಲಿಸ್. ಎಲ್ಲರೂ ನಗುವ ಆ ಸೀನ್‌ನಲ್ಲಿ ನನಗೆ ಅವಳ ಮುಖವೇ ಜಾಸ್ತಿ ಕಾಣುತ್ತದೆ.

ಈ ಗಲಾಟೆಯಲ್ಲಿ, ಸಹೋದ್ಯೋಗಿ ಪ್ಯಾಮ್‌ಳನ್ನು ಒಳಗೊಳಗೇ ಪ್ರೀತಿಸುವ ಜಿಮ್ ಅವಳಿಗೆ ಅಂತ ತಂದ ಟೀ ಪಾಟ್ ಇನ್ನೊಬ್ಬ ಸಹೋದ್ಯೋಗಿ ಡ್ವೈಟ್ ಪಾಲಾಗುತ್ತದೆ. ಅವನಿಗೆ ಅದು ಮೂಗು ತೊಳೆಯೋಕೆ ಬೇಕಂತೆ! ಕೊನೆಗೆ ಪ್ಯಾಮ್ ತನ್ನ ಪಾಲಿಗೆ ಬಂದ ಐಪಾಡ್ ಕೊಟ್ಟು ಅದನ್ನು ಪಡೆಯುತ್ತಾಳೆ. ಒಳಗಿರುವ ಹಳೇ ಫೋಟೊ, ಪುಟಾಣಿ ಪೆನ್ಸಿಲ್ ನೋಡಿ ನಗುತ್ತಿರುವಾಗ ಜಿಮ್ ತಾನು ಬರೆದ ಕಾರ್ಡನ್ನು ಸದ್ದಿಲ್ಲದೆ ಜೇಬಿಗಿಳಿಸುತ್ತಾನೆ. ಅದು ಅವಳ ಕೈಸೇರೋದು 2013ರ ಕೊನೆಯ ಸೀಸನ್‌ನಲ್ಲಿ.

ಹಬ್ಬದ ಎಪಿಸೋಡ್ ಅಂದ್ರೆ ಕೊನೆಗೆ ಎಲ್ಲ ಸರಿಹೋಗಲೇಬೇಕು ಅಂತೇನಿಲ್ಲ, ಅಲ್ವಾ? ಅಂದಹಾಗೆ ನಮ್ಮ ಆಫೀಸಲ್ಲೂ ಈ ವಾರ ಸೀಕ್ರೆಟ್ ಸಾಂಟಾ. ನನಗಂತೂ ಮತ್ತೆ ಕಾಫಿ ಮಗ್ಗೇ ಗ್ಯಾರಂಟಿ.