ಇಷ್ಟಾದ ಮೇಲೂ ಚರ್ಚಿಗೆ ಹೋಗ್ತೀರಾ?

"ಇಷ್ಟೆಲ್ಲ ಆದ್ಮೇಲೂ ಚರ್ಚಿಗೆ ಹೋಗ್ತೀರಲ್ಲ, ನಿಮ್ಮ ಯೇಸು ಏನು ಮಾಡಿದ?"

ಮದುವೆ ಮನೆಯಲ್ಲಿ ಕೇಳಿದ್ದಾರೆ, ದಾವಣಗೆರೆ ಬಸ್‌ಸ್ಟ್ಯಾಂಡಿನಲ್ಲಿ ಕೇಳಿದ್ದಾರೆ, ಅಪ್ಪನ ಮಣ್ಣು ಮುಗಿಸಿ ಬಂದ ದಿನವೂ ಕೇಳಿದ್ದಾರೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಬರೆದಿಡುತ್ತಿದ್ದೇನೆ.

'ಇಷ್ಟೆಲ್ಲ' ಅಂದರೆ ಇಷ್ಟು. 2018ರಲ್ಲಿ ಅಪ್ಪ 84 ಕ್ವಿಂಟಲ್ ಮೆಕ್ಕೆಜೋಳವನ್ನು ಒಬ್ಬ ದಲಾಲಿಗೆ ಹಾಕಿದ್ದ. ಅವನು ಕೊಟ್ಟ ಚೆಕ್ ಬೌನ್ಸ್ ಆಯಿತು. ಮರುವಾರ ಹೋದರೆ ಅಂಗಡಿಗೆ ಬೀಗ. ಅಪ್ಪ ಕೇಸು ಹಾಕಿದ. ದುಡ್ಡಿನ ಮುಖ ನೋಡದೆ 2021ರಲ್ಲಿ ತೀರಿಕೊಂಡ. ಈಗ ಕೇಸು ಅವ್ವ ನಡೆಸುತ್ತಿದ್ದಾಳೆ. ದಲಾಲಿ ಚೆನ್ನಾಗಿಯೇ ಇದ್ದಾನೆ.

ನನಗೆ ಸಿಟ್ಟು ಬರುವುದು ಪ್ರಶ್ನೆ ಕೇಳುವ ರೀತಿಗೆ. ದಲಾಲಿ ಬಗ್ಗೆ ಯಾರೂ ಒಂದು ಮಾತು ಕೇಳುವುದಿಲ್ಲ. ಮೋಸ ಮಾಡಿದವನನ್ನು ಬಿಟ್ಟು ಶಿಲುಬೆಗೆ ಹೋದವನನ್ನು ವಿಚಾರಣೆಗೆ ಎಳೆಯುತ್ತಾರೆ. ದೇವರು ಅಂದರೆ ಇನ್ಶೂರೆನ್ಸ್ ಏಜೆಂಟ್ ಅಂದುಕೊಂಡಿದ್ದಾರೆ. ಭಾನುವಾರ ಭಾನುವಾರ ಕಂತು ಕಟ್ಟಿದ್ದೀರಿ, ಕ್ಲೇಮ್ ಯಾಕೆ ಬರಲಿಲ್ಲ ಅನ್ನುವ ಹಾಗೆ. ನಾವು ಯಾವತ್ತೂ ಕಂತು ಕಟ್ಟಿಲ್ಲ. ಯಾಕೆ ಕೈಬಿಟ್ಟೆ ಅಂತ ಶಿಲುಬೆಯ ಮೇಲಿಂದ ಯೇಸುಸ್ವಾಮಿಯೇ ಕೂಗಿದ. ನೀವು ಕೇಳುವ ಪ್ರಶ್ನೆಯನ್ನು ನಿಮಗಿಂತ ಮೊದಲೇ, ನಿಮಗಿಂತ ಜೋರಾಗಿ ಕೇಳಿದವನು ಅವನು.

ಇನ್ನು ಸಮಾಧಾನ ಹೇಳುವವರು. "ತಾಳಿದವನು ಬಾಳಿಯಾನು." ಅಪ್ಪ ತಾಳಿದ, ಬಾಳಲಿಲ್ಲ. ಆ ಗಾದೆ ನನ್ನ ಮುಂದೆ ಹೇಳಬೇಡಿ, ದಯವಿಟ್ಟು. ನಮ್ಮ ಬೈಬಲ್ ಇದನ್ನು ಮುಚ್ಚಿಡುವುದಿಲ್ಲ. ಹಿಬ್ರಿಯರಿಗೆ ಬರೆದ ಪತ್ರದ 11ನೇ ಅಧ್ಯಾಯದಲ್ಲಿ ನಂಬಿಕೆಯಿಂದ ಬಾಳಿದವರ ದೊಡ್ಡ ಸಾಲೇ ಇದೆ. ಕೊನೆಗೆ ಅದೇ ಹೇಳುತ್ತದೆ: ಇವರ್‍ಯಾರಿಗೂ ದೇವರು ಮಾತು ಕೊಟ್ಟದ್ದು ಬದುಕಿರುವಾಗ ಸಿಗಲಿಲ್ಲ.

ಸಂತ ಪೌಲ ರೋಮಿನವರಿಗೆ ಬರೆದದ್ದು ಇದು: ಕಷ್ಟದಿಂದ ತಾಳ್ಮೆ, ತಾಳ್ಮೆಯಿಂದ ಪಳಗಿದ ಗುಣ, ಅದರಿಂದ ಭರವಸೆ. ಅಲ್ಲಿ ತಾಳ್ಮೆಗೆ ಇರುವ ಗ್ರೀಕ್ ಪದ ಹುಪೊಮೊನೆ. ಬಿಡಿಸಿದರೆ 'ಕೆಳಗೆ ನಿಂತಿರುವುದು'. ನನಗೆ ಅದು ಅರ್ಥವಾದದ್ದು ಮಂಡಿಯ ಹಮಾಲರನ್ನು ನೋಡಿ. ಬೆನ್ನ ಮೇಲೆ ಚೀಲ ಬಿದ್ದಾಗ ಮೊಣಕಾಲು ಒಂದು ಕ್ಷಣ ನಡುಗುತ್ತದೆ. ಆಮೇಲೆ ಹೆಜ್ಜೆ ಹೊರಡುತ್ತದೆ. ಅವರು ಸುಮ್ನೆ ಕೂತಿಲ್ಲ ಅಲ್ವಾ? ಅನ್ಯಾಯ ಸಹಿಸಿಕೊಂಡು ಬಾಯಿ ಮುಚ್ಚಿಕೊಂಡಿರುವುದು ತಾಳ್ಮೆ ಅಂತ ನಮಗೆ ಯಾರೋ ತಪ್ಪಾಗಿ ಕಲಿಸಿದ್ದಾರೆ.

ನಿಜ ಹೇಳಬೇಕೆಂದರೆ ನೀವು ಕೇಳಬೇಕಾಗಿದ್ದದ್ದು ಬೇರೆ. ಅವ್ವ ಹೇಗಿದ್ದಾಳೆ? ಕೋರ್ಟಿನ ವಾಯಿದೆಗೆ ಜೊತೆಯಲ್ಲಿ ಯಾರು ಹೋಗುತ್ತಾರೆ? ಇದನ್ನು ಕೇಳಿದ್ದರೆ ಸಂತೋಷದಿಂದ ಹೇಳುತ್ತಿದ್ದೆ.

ವಾಯಿದೆಯ ದಿನ ಅವ್ವ ಬೆಳಗಿನ ಜಾವವೇ ಎದ್ದು ರೊಟ್ಟಿ ಬಡಿದು ಕಟ್ಟಿಕೊಳ್ಳುತ್ತಾಳೆ. ಪ್ಲಾಸ್ಟಿಕ್ ಕವರಿನಲ್ಲಿ ಚೆಕ್ಕಿನ ಜೆರಾಕ್ಸ್, ತೂಕದ ಚೀಟಿ. ಚೀಟಿಯ ಅಕ್ಷರ ವರ್ಷ ವರ್ಷ ಅಳಿಸುತ್ತಿದೆ. 84ರಲ್ಲಿ 8 ಕಾಣುತ್ತದೆ, 4 ಇದ್ದ ಜಾಗದಲ್ಲಿ ಒಂದು ಗೀಟು ಮಾತ್ರ.

ಲೂಕನ ಶುಭಸಂದೇಶದ 18ನೇ ಅಧ್ಯಾಯದಲ್ಲಿ ಒಬ್ಬ ವಿಧವೆಯ ಕಥೆಯಿದೆ. ದೇವರಿಗೂ ಹೆದರದ, ಜನರಿಗೂ ಬೆಲೆ ಕೊಡದ ನ್ಯಾಯಾಧೀಶನ ಹತ್ತಿರ ಅವಳು ನ್ಯಾಯ ಕೊಡಿಸಿ ಅಂತ ಮತ್ತೆ ಮತ್ತೆ ಹೋಗುತ್ತಾಳೆ. ಕೊನೆಗೆ ಅವನೇ ಸುಸ್ತಾಗುತ್ತಾನೆ. ಮೂರು ವರ್ಷಕ್ಕೊಮ್ಮೆ ಅಕ್ಟೋಬರ್‌ನಲ್ಲಿ ಭಾನುವಾರದ ಪೂಜೆಗೆ ಈ ಪಾಠ ಬರುತ್ತದೆ. 2019, 2022, 2025. ಕೇಸು ಶುರುವಾದ ಮೇಲೆ ಅವ್ವ ಮೂರು ಸಲ ಕೇಳಿದ್ದಾಳೆ. ಕಳೆದ ಸಲ ಚರ್ಚಿನಿಂದ ಬರುವಾಗ, "ಪಾಪ, ಆ ಹೆಣ್ಮಗಳು ನಡ್ಕೊಂಡೇ ಹೋಗಿರ್ತಾಳೆ ನೋಡು, ಬಸ್ಸೆಲ್ಲಿತ್ತು ಆವಾಗ" ಅಂದಳು. ಪಕ್ಕದ ಊರಿನ ಗೆಳತಿಯ ಬಗ್ಗೆ ಹೇಳಿದ ಹಾಗೆ.

ಯೇಸುಸ್ವಾಮಿ ಆ ಕಥೆ ಮುಗಿಸುವುದೂ ಒಂದು ಪ್ರಶ್ನೆಯಿಂದಲೇ. ಮನುಷ್ಯಪುತ್ರ (ಯೇಸು ತನ್ನನ್ನು ತಾನೇ ಕರೆದುಕೊಳ್ಳುವುದು ಹಾಗೆ) ಬರುವಾಗ ಭೂಮಿಯ ಮೇಲೆ ವಿಶ್ವಾಸ ಕಾಣುತ್ತಾನೆಯೇ? ದೇವರು ಏನು ಮಾಡಿದ ಅಂತ ನೀವು ಕೇಳುತ್ತೀರಿ. ಅವನು ಕೇಳುವುದು ನಮ್ಮನ್ನು.

ಸೆಪ್ಟೆಂಬರ್ 8ಕ್ಕೆ ಹರಿಹರದ ಆರೋಗ್ಯ ಮಾತೆಯ, ಅಂದರೆ ಯೇಸುವಿನ ತಾಯಿ ಮರಿಯಮ್ಮನ ಹಬ್ಬ. 'ನಿಮ್ಮ ಯೇಸು' ಅನ್ನುವವರ ಮನೆಯವರೂ ಅಲ್ಲಿ ಮೇಣದಬತ್ತಿ ಹಚ್ಚುವುದನ್ನು ನೋಡಿದ್ದೇನೆ. ಹೋದ ಸಲ ಅವ್ವ ಎರಡು ಹಚ್ಚಿದಳು. ಒಂದು ಅಪ್ಪನಿಗೆ. ಇನ್ನೊಂದು ಯಾರಿಗೆ ಅಂದೆ.

"ಅವನಿಗೆ."

ದಲಾಲಿಗೆ! ನನಗೆ ಕಣ್ಣು ಕತ್ತಲೆ ಬಂದಂತಾಯಿತು. "ಹಂಗಾದ್ರೆ ಕೇಸು ವಾಪಸ್ ತಗೋತೀಯೇನವ್ವ?"

"ಅದ್ಯಾಕೆ? ಅವನ ಮನಸ್ಸು ತಿರುಗಲಿ ಅಂತ ಬತ್ತಿ. ದುಡ್ಡು ಕೊಡಲಿ ಅಂತ ಕೇಸು."

ಈ ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳಲು ನನಗೆ ಇನ್ನೂ ಆಗುತ್ತಿಲ್ಲ. ಆದರೆ ಚರ್ಚಿಗೆ ಯಾಕೆ ಹೋಗುತ್ತೀರಿ ಅಂದರೆ, ಅವ್ವ ಇದನ್ನು ಕಲಿತದ್ದು ಅಲ್ಲೇ. ಯೇಸುವಿಗೆ ಶುಕ್ರವಾರ ಕೊಟ್ಟ ಸಾವಿನ ತೀರ್ಪು ಭಾನುವಾರ ಬೆಳಗ್ಗೆ ರದ್ದಾಯಿತು ಅಂತ ನಾವು ನಂಬುತ್ತೇವೆ. ಸಾವಿನಿಂದ ಎದ್ದು ಬಂದವನ ಕೈಯಲ್ಲಿ ಮೊಳೆಯ ಗಾಯ ಹಾಗೇ ಇತ್ತು. ಆದದ್ದು ಆಗಿಲ್ಲ ಅಂತ ಅವನು ಹೇಳಲಿಲ್ಲ. ನಾವೂ ಹೇಳುವುದಿಲ್ಲ.

ಮುಂದಿನ ವಾಯಿದೆ ಗುರುವಾರ. ತೂಕದ ಚೀಟಿ ಪೂರ್ತಿ ಅಳಿಸುವ ಮೊದಲು ಇನ್ನೊಂದು ಜೆರಾಕ್ಸ್ ತೆಗೆಸು ಅಂದಿದ್ದಾಳೆ. ನಿಮ್ಮಲ್ಲಿ ಯಾರಾದರೂ ಜೊತೆಗೆ ಬರುವುದಾದರೆ, ಎಂಟೂವರೆಗೆ ಬಸ್ಸು.