ಎದೆಯ ಮೇಲೆ ಬರೆಯದ ಹೆಸರು

ಚೆನ್ನೈನಲ್ಲಿ ವೀಸಾಕ್ಕೆ ಅರ್ಜಿ ಹಾಕುವಾಗಲೇ ಹೆಸರಿನ ತೊಡಕು ಎದುರಾಯಿತು. ನಮ್ಮ ದೇಶಕ್ಕೂ ತೈವಾನಿಗೂ ಅಧಿಕೃತ ರಾಜತಾಂತ್ರಿಕ ಸಂಬಂಧವಿಲ್ಲ. ಆದ್ದರಿಂದ ಅಲ್ಲಿರುವುದು ರಾಯಭಾರ ಕಚೇರಿಯಲ್ಲ, 'ತೈಪೆ ಆರ್ಥಿಕ ಮತ್ತು ಸಾಂಸ್ಕೃತಿಕ ಕೇಂದ್ರ'. ಭಾರತ 1995ರಿಂದ ತೈಪೆಯಲ್ಲಿ ನಡೆಸುತ್ತಿರುವ ಕಚೇರಿಯೂ 'ಇಂಡಿಯಾ-ತೈಪೆ ಅಸೋಸಿಯೇಷನ್' ಎಂದೇ ಕರೆಸಿಕೊಳ್ಳುತ್ತದೆ. ಎರಡು ಫಲಕಗಳಲ್ಲೂ ರಾಜಧಾನಿಯ ಹೆಸರಿದೆ, ದೇಶದ ಹೆಸರಿಲ್ಲ.

ಸಿಂಚು ನಗರದಲ್ಲಿ ಸಂಶೋಧನೆ ಮಾಡುತ್ತಿರುವ ಅಣ್ಣನ ಮಗನನ್ನು ನೋಡಿ ಬರುವ ನೆಪದಲ್ಲಿ 2024ರ ನವೆಂಬರಿನಲ್ಲಿ ಹೊರಟೆ. ವಿಮಾನ ನಿಲ್ದಾಣದ ಅಂಗಡಿಯಲ್ಲಿ ನೀರಿನ ಬಾಟಲಿ ಕೊಂಡಾಗ ಕೈಗೆ ಬಂದ ರಸೀತಿಯಲ್ಲಿ ಇಸವಿ 113 ಎಂದಿತ್ತು. ಮುದ್ರಣದೋಷವೆಂದುಕೊಂಡೆ. "ದೋಷವಲ್ಲ ಚಿಕ್ಕಪ್ಪ, ಇಲ್ಲಿ ಇಸವಿಯ ಲೆಕ್ಕ 1912ರಿಂದ" ಎಂದ ಹುಡುಗ. ಚೀನಾದಲ್ಲಿ ಅರಸೊತ್ತಿಗೆ ಬಿದ್ದು ಚೀನಾ ಗಣರಾಜ್ಯ ಹುಟ್ಟಿದ ವರ್ಷವದು. ತೈವಾನಿನ ಅಧಿಕೃತ ಹೆಸರು ಇಂದಿಗೂ ಅದೇ. ವಿಚಿತ್ರವೆಂದರೆ, ಆ ಗಣರಾಜ್ಯ ಹುಟ್ಟಿದ ದಿನ ಈ ದ್ವೀಪ ಅದರಲ್ಲಿ ಇರಲೇ ಇಲ್ಲ. 1895ರಿಂದ 1945ರವರೆಗೆ ಇದು ಜಪಾನಿನ ವಸಾಹತು. ನೇತಾಜಿಯವರ ವಿಮಾನ ಅಪಘಾತಕ್ಕೀಡಾದದ್ದು ತೈಹೊಕುವಿನಲ್ಲಿ ಎಂದು ಶಾಲೆಯಲ್ಲಿ ಉರುಹೊಡೆದವನು ನಾನು; ಆ ತೈಹೊಕು ಎಂಬುದು ತೈಪೆಗೆ ಜಪಾನೀಯರು ಇಟ್ಟುಕೊಂಡಿದ್ದ ಉಚ್ಚಾರ ಎಂಬುದು ತಲೆಗೆ ಹೋದದ್ದು ಇಲ್ಲಿಗೆ ಬಂದ ಮೇಲೆಯೇ.

ಮರುದಿನ ಹಳೆಯ ತೈಪೆಯ ದಿಹುವಾ ಬೀದಿಗೆ ಹೋದೆವು. ಒಣಗಿಸಿದ ಅಣಬೆ, ಸಮುದ್ರದ ಒಣ ಸರಕು, ಬೇರು, ತೊಗಟೆ, ಚಹಾ, ಬಟ್ಟೆಗಳ ಅಂಗಡಿಗಳು ಸಾಲಾಗಿವೆ. ನಮ್ಮ ಗ್ರಂದಿಗೆ ಅಂಗಡಿಗಳ ವಾಸನೆಯೇ, ಕೊಂಚ ಉಪ್ಪು ಬೆರೆತದ್ದು. ದಿಹುವಾ ಎಂದರೆ ಚೀನಾದ ವಾಯವ್ಯದಲ್ಲಿರುವ ಉರುಮ್ಚಿ ನಗರದ ಹಳೆಯ ಹೆಸರು. ಜಪಾನೀಯರು ಹೋದ ಮೇಲೆ ಬಂದ, ಆಗ ಚೀನಾವನ್ನು ಆಳುತ್ತಿದ್ದ ರಾಷ್ಟ್ರೀಯವಾದಿ ಪಕ್ಷ ಕುಓಮಿಂಟಾಂಗ್‌ನ ಸರ್ಕಾರ ತೈಪೆಯ ಮೇಲೆ ಚೀನಾದ ನಕ್ಷೆಯನ್ನೇ ಹಾಸಿದಂತೆ ಬೀದಿಗಳಿಗೆ ಹೆಸರಿಟ್ಟಿತು: ವಾಯವ್ಯಕ್ಕೆ ವಾಯವ್ಯದ ಊರುಗಳು, ನೈಋತ್ಯಕ್ಕೆ ಟಿಬೆಟ್. ಚೀನಾ ತಾನೇ 1954ರಲ್ಲಿ ದಿಹುವಾ ಎಂಬ ಹೆಸರನ್ನು ಬಿಟ್ಟು ಉರುಮ್ಚಿ ಎಂದು ಮಾಡಿಕೊಂಡಿತು. ತೈಪೆಯ ಬೀದಿಯಲ್ಲಿ ಮಾತ್ರ ಅದು ಉಳಿದಿದೆ.

ಅಲ್ಲಿಂದ ಸ್ವಲ್ಪ ನಡೆದರೆ ನಾನ್‌ಜಿಂಗ್ ಪಶ್ಚಿಮ ರಸ್ತೆ. ಹಿಂದೆ ತಿಯಾನ್‌ಮಾ ಚಹಾಮನೆ ಇದ್ದ ಜಾಗದ ಹತ್ತಿರ ಈಗ ಒಂದು ಸ್ಮರಣ ಫಲಕವಿದೆ. ಗೊತ್ತಿಲ್ಲದವರು ಅದನ್ನು ದಾಟಿಕೊಂಡೇ ಹೋಗುತ್ತಾರೆ. 1947ರ ಫೆಬ್ರವರಿ 27ರ ಸಂಜೆ ಇಲ್ಲಿ ಸುಂಕ ಕಟ್ಟದ ಸಿಗರೇಟು ಮಾರುತ್ತಿದ್ದ ವಿಧವೆಯೊಬ್ಬಳ ಸರಕನ್ನೂ ದುಡ್ಡನ್ನೂ ಸರ್ಕಾರಿ ಏಕಸ್ವಾಮ್ಯ ಇಲಾಖೆಯ ನೌಕರರು ಕಿತ್ತುಕೊಂಡರು. ಅವಳು ಗೋಗರೆದಾಗ ಒಬ್ಬ ಬಂದೂಕಿನ ಹಿಡಿಯಿಂದ ತಲೆಗೆ ಹೊಡೆದ. ಜನ ಸುತ್ತುವರಿದಾಗ ಹಾರಿಸಿದ ಗುಂಡಿಗೆ ದಾರಿಹೋಕನೊಬ್ಬ ಸತ್ತ. ಮರುದಿನ ರಾಜ್ಯಪಾಲರ ಕಚೇರಿಯ ಮುಂದೆ ಸೇರಿದ ಗುಂಪಿನ ಮೇಲೂ ಗುಂಡು ಹಾರಿತು. ಜನ ರೇಡಿಯೋ ಕೇಂದ್ರವನ್ನು ಹಿಡಿದು ಸುದ್ದಿಯನ್ನು ಇಡೀ ದ್ವೀಪಕ್ಕೆ ಸಾರಿದರು. ಮಾರ್ಚಿನಲ್ಲಿ ಚೀನಾದಿಂದ ಸೈನ್ಯ ಬಂದಿಳಿಯಿತು. ಸತ್ತವರು 18,000ದಿಂದ 28,000 ಎಂಬುದು ಸರ್ಕಾರವೇ 1992ರಲ್ಲಿ ಪ್ರಕಟಿಸಿದ ವರದಿಯ ಅಂದಾಜು. ಅಲ್ಲಿಯತನಕ ನಾಲ್ಕು ದಶಕ ಈ ವಿಷಯವನ್ನು ಬಹಿರಂಗವಾಗಿ ಎತ್ತುವಂತಿರಲಿಲ್ಲ. 1949ರಲ್ಲಿ ಹೇರಿದ ಸೇನಾ ಕಾನೂನು ತೆರವಾದದ್ದು 1987ರ ಜುಲೈ 15ರಂದು. ತೈವಾನಿನಲ್ಲೇ ಹುಟ್ಟಿದ ಮೊದಲ ಅಧ್ಯಕ್ಷ ಲೀ ತೆಂಗ್‌ಹುಯಿ ಸರ್ಕಾರದ ಪರವಾಗಿ ಕ್ಷಮೆ ಕೇಳಿದ್ದು 1995ರಲ್ಲಿ. ಆ ರೇಡಿಯೋ ಕೇಂದ್ರದ ಕಟ್ಟಡವೇ ಈಗ ಸ್ಮಾರಕ ವಸ್ತುಸಂಗ್ರಹಾಲಯ.

ಹೊಸ ಸರ್ಕಾರವನ್ನು ತಮ್ಮವರೆಂದು ಬರಮಾಡಿಕೊಂಡ ಜನ ಒಂದೂವರೆ ವರ್ಷದೊಳಗೆ ಅದರ ಗುಂಡಿಗೆ ಸಿಕ್ಕರು. ತೈವಾನಿಯರ ತಾವು ಬೇರೆ ಎಂಬ ಭಾವನೆಗೆ ಒಂದೇ ಹುಟ್ಟಿದ ದಿನವನ್ನು ಗೊತ್ತುಮಾಡುವುದು ಇತಿಹಾಸಕಾರರಿಗೂ ಕಷ್ಟ; ಆದರೆ ಆ ರಸ್ತೆಯ ಬದಿಯಲ್ಲಿ ನಿಂತಾಗ, ಇಲ್ಲಿಂದಲೇ ಎಣಿಸಬಹುದೇನೋ ಎಂದು ನನಗೆ ಅನ್ನಿಸಿತು.

ದಿಹುವಾ ಬೀದಿಗೆ ಮರಳಿ ಒಂದು ಚಹಾ ಅಂಗಡಿಯಲ್ಲಿ ಕೂತೆವು. ಜೊತೆಯಲ್ಲಿ ನಮ್ಮ ಹುಡುಗನ ಸಹಪಾಠಿಯಾದ ತೈಪೆಯ ಹುಡುಗಿಯೊಬ್ಬಳು ದುಭಾಷಿಯಾಗಿ ಬಂದಿದ್ದಳು. ಅಂಗಡಿಯ ಯಜಮಾನರಿಗೆ ಎಂಬತ್ತು ದಾಟಿತ್ತು. ಅಪ್ಪ-ಅಮ್ಮ ಜಪಾನಿ ಶಾಲೆಯಲ್ಲಿ ಓದಿದವರು, ಮನೆಯ ಮಾತು ತಾಯ್‌ಗಿ ಎಂದು ಕರೆಯುವ ತೈವಾನಿ ಹೊಕ್ಕಿಯೆನ್, ತಾವು ಕಲಿತದ್ದು ಮ್ಯಾಂಡರಿನ್. ಶಾಲೆಯಲ್ಲಿ ತಾಯ್‌ಗಿ ಆಡಿ ಸಿಕ್ಕಿಬಿದ್ದವರ ಕೊರಳಿಗೆ ಒಂದು ಮರದ ಹಲಗೆ ತೂಗುಹಾಕುತ್ತಿದ್ದರಂತೆ. ಅದನ್ನು ಕಳಚಬೇಕಾದರೆ ತಾಯ್‌ಗಿ ಆಡುವ ಇನ್ನೊಬ್ಬನನ್ನು ಹಿಡಿದು ಅವನ ಕೊರಳಿಗೆ ದಾಟಿಸಬೇಕು. "ಅದಕ್ಕಾಗಿ ಗೆಳೆಯನ ಕಾಲನ್ನು ಬೇಕೆಂದೇ ತುಳಿಯುತ್ತಿದ್ದೆವು. ನೋವಾದಾಗ ಯಾರೂ ಮ್ಯಾಂಡರಿನ್‌ನಲ್ಲಿ ಕೂಗುವುದಿಲ್ಲವಲ್ಲ" ಎಂದು ಅವರು ನಕ್ಕರು. ಹೇಳುತ್ತ ಹೇಳುತ್ತ ಅವರಿಗೇ ತಿಳಿಯದಂತೆ ಮಾತು ತಾಯ್‌ಗಿಗೆ ಹೊರಳಿತು. ಹುಡುಗಿ ಅನುವಾದ ನಿಲ್ಲಿಸಿ ಸುಮ್ಮನಾದಳು. "ಚಿಕ್ಕಪ್ಪ, ಇವಳಿಗೂ ಅರ್ಥವಾಗ್ತಿಲ್ಲ" ಎಂದು ನಮ್ಮವನು ಮೆಲ್ಲಗೆ ಹೇಳಿದ.

ಆ ಹುಡುಗಿಯ ಅಜ್ಜ, ಕಮ್ಯುನಿಸ್ಟರಿಗೆ ಸೋತು ಚೀನಾ ಬಿಟ್ಟ ಕುಓಮಿಂಟಾಂಗ್ ನಾಯಕ ಚಿಯಾಂಗ್ ಕೈಶೇಕ್‌ನ ಸೈನ್ಯದ ಜೊತೆ 1949ರಲ್ಲಿ ಚೀನಾದ ಶಾಂಡಾಂಗ್ ಪ್ರಾಂತ್ಯದಿಂದ ಬಂದವರು. ಹಾಗೆ ಬಂದವರ ಸಂಖ್ಯೆ ಹತ್ತು ಲಕ್ಷಕ್ಕೂ ಹೆಚ್ಚು. ಅವರನ್ನೂ ಅವರ ಮಕ್ಕಳನ್ನೂ ಬಹುಕಾಲ 'ಹೊರ ಪ್ರಾಂತ್ಯದವರು' ಎಂದೇ ಕರೆಯಲಾಯಿತು. ಇಂದಲ್ಲ ನಾಳೆ ಊರಿಗೆ ಮರಳುತ್ತೇವೆಂದು ಅಜ್ಜ ಕೊನೆಯತನಕ ಹೇಳುತ್ತಿದ್ದರಂತೆ. ನೀನು ಯಾರು ಎಂದು ಕೇಳಿದ್ದಕ್ಕೆ ಅವಳು ಯೋಚಿಸದೆ "ತೈವಾನಿ" ಎಂದಳು. ಚೀನಿ ಅಲ್ಲವೇ ಎಂದೆ. "ಅಜ್ಜ ಚೀನಿ" ಎಂದಳು. ತನ್ನ ಪಾಸ್‌ಪೋರ್ಟನ್ನೂ ತೋರಿಸಿದಳು: 2021ರಿಂದ ಹೊದಿಕೆಯ ಮೇಲೆ ತೈವಾನ್ ಎಂಬುದು ದೊಡ್ಡ ಅಕ್ಷರದಲ್ಲಿ ಬಂದು, ಇಂಗ್ಲಿಷಿನ 'ಚೀನಾ ಗಣರಾಜ್ಯ' ಲಾಂಛನದ ಸುತ್ತಲಿನ ಸಣ್ಣ ಅಕ್ಷರಗಳಿಗೆ ಸರಿದಿದೆ. ಚೆಂಗ್‌ಚಿ ವಿಶ್ವವಿದ್ಯಾಲಯ 1992ರಿಂದ ಇದೇ ಪ್ರಶ್ನೆಯನ್ನು ಜನರಿಗೆ ಕೇಳುತ್ತ ಬಂದಿದೆ. ಮೊದಲ ವರ್ಷ ತಾವು ತೈವಾನಿ ಮಾತ್ರ ಎಂದವರು ಶೇ. 17ರಷ್ಟು, ಚೀನಿ ಮಾತ್ರ ಎಂದವರು ಶೇ. 25ರಷ್ಟು, ಎರಡೂ ಹೌದು ಎಂದವರೇ ಹೆಚ್ಚು. ಇತ್ತೀಚೆಗೆ ತೈವಾನಿ ಮಾತ್ರ ಎನ್ನುವವರು ಶೇ. 60 ದಾಟಿದ್ದಾರೆ, ಚೀನಿ ಮಾತ್ರ ಎನ್ನುವವರು ಶೇ. 3ರ ಆಸುಪಾಸಿನಲ್ಲಿದ್ದಾರೆ. ಆದರೂ ಸ್ವಾತಂತ್ರ್ಯ ಘೋಷಿಸಬೇಕೇ, ಚೀನಾವನ್ನು ಸೇರಬೇಕೇ ಎಂಬ ಪ್ರಶ್ನೆಗೆ ಬಹುಪಾಲು ಜನ ಈಗಿರುವುದು ಈಗಿರುವಂತೆಯೇ ಇರಲಿ ಎನ್ನುತ್ತಾರೆ. 1996ರಲ್ಲಿ ಮೊದಲ ಬಾರಿಗೆ ಅಧ್ಯಕ್ಷರನ್ನು ನೇರವಾಗಿ ಆರಿಸಲು ಹೊರಟಾಗ ಚೀನಾದ ಕ್ಷಿಪಣಿಗಳು ಬಂದರುಗಳ ಹತ್ತಿರದ ಕಡಲಿಗೆ ಬಿದ್ದದ್ದನ್ನು ಕಂಡವರಿಗೆ ಈ ಎಚ್ಚರಿಕೆಯನ್ನು ಬಿಡಿಸಿ ಹೇಳಬೇಕಿಲ್ಲ.

ಚಿಯಾಂಗ್ ಸ್ಮಾರಕ ಭವನವನ್ನೂ ನೋಡಿದೆ. ಅವನು ಬದುಕಿದ ಚೀನೀ ಲೆಕ್ಕದ 89 ವರ್ಷಕ್ಕೆ 89 ಮೆಟ್ಟಿಲು. ಕಂಚಿನ ಬೃಹತ್ ವಿಗ್ರಹದ ಮುಂದೆ ನಿಲ್ಲುತ್ತಿದ್ದ ಗೌರವ ಪಹರೆಯವರನ್ನು ಆ ವರ್ಷದ ಜುಲೈನಲ್ಲಷ್ಟೇ ಹೊರಗಿನ ದಾರಿಗೆ ಕಳಿಸಿದ್ದರು. 1990ರ ಮಾರ್ಚಿನಲ್ಲಿ ಪ್ರಜಾಪ್ರಭುತ್ವ ಕೇಳಿ ಸಾವಿರಾರು ವಿದ್ಯಾರ್ಥಿಗಳು ಧರಣಿ ಕೂತದ್ದು ಈ ಚೌಕದಲ್ಲೇ. ಹಿಂದಿರುಗುವಾಗ ಮೆಟ್ರೋದಲ್ಲಿ ನಿಲ್ದಾಣದ ಹೆಸರನ್ನು ಮ್ಯಾಂಡರಿನ್, ಇಂಗ್ಲಿಷ್, ತಾಯ್‌ಗಿ, ಹಕ್ಕಾಗಳಲ್ಲಿ ಸಾರಿದರು. ಹಲಗೆ ಹೊತ್ತ ಭಾಷೆ ಈಗ ಸರ್ಕಾರಿ ಧ್ವನಿವರ್ಧಕದಲ್ಲಿ ಕೇಳುತ್ತದೆ. ಆದರೆ ಬೋಗಿಯ ಹುಡುಗ ಹುಡುಗಿಯರೆಲ್ಲ ಆಡಿಕೊಳ್ಳುತ್ತಿದ್ದುದು ಮ್ಯಾಂಡರಿನ್. ಇವರೆಲ್ಲರಿಗಿಂತ ಸಾವಿರಾರು ವರ್ಷ ಮೊದಲೇ ಇಲ್ಲಿದ್ದ ಮೂಲನಿವಾಸಿಗಳ ಒಂದು ಜನಾಂಗವಾದ ಕೆತಗಲನ್‌ರ ಹೆಸರು ಅಧ್ಯಕ್ಷರ ಭವನದ ಮುಂದಿನ ರಸ್ತೆಗೆ 1996ರಲ್ಲಿ ಬಂತು. ಅದಕ್ಕೂ ಮೊದಲು ಆ ರಸ್ತೆಯ ಹೆಸರಿನ ಅರ್ಥ 'ಚಿಯಾಂಗ್‌ಗೆ ದೀರ್ಘಾಯುಷ್ಯ'.

ನವೆಂಬರ್ 24ರ ರಾತ್ರಿ ಸಸ್ಯಾಹಾರದ ಸಣ್ಣ ಖಾನಾವಳಿಯಲ್ಲಿ ಊಟಕ್ಕೆ ಕೂತಿದ್ದೆವು. ಟಿ.ವಿ.ಯಲ್ಲಿ ಟೋಕಿಯೋದಿಂದ ಪ್ರೀಮಿಯರ್ 12 ಬೇಸ್‌ಬಾಲ್ ಫೈನಲ್, ಜಪಾನಿನ ಎದುರು ತೈವಾನ್. ಜಪಾನ್ ಸತತ 27 ಅಂತರರಾಷ್ಟ್ರೀಯ ಪಂದ್ಯ ಗೆದ್ದ ತಂಡ. ಕ್ರಿಕೆಟ್ ಕಣ್ಣಿನ ನನಗೆ ಆಟ ಪೂರ್ತಿ ಅರ್ಥವಾಗದಿದ್ದರೂ, ಅಡುಗೆಯವರು ಸೌಟು ಹಿಡಿದೇ ಹೊರಬಂದು ನಿಂತದ್ದು ಅರ್ಥವಾಯಿತು. ನಾಯಕ ಚೆನ್ ಚಿಯೆ-ಶಿಯೆನ್ ಮೂರು ರನ್ನಿನ ಹೋಂ ರನ್ ಹೊಡೆದು, ಓಡುತ್ತಲೇ ತನ್ನ ಎದೆಯ ಮೇಲೆ ಎರಡು ಕೈಗಳಿಂದ ಒಂದು ಚೌಕಟ್ಟು ಬರೆದು ತೋರಿಸಿದ. ಅಂಗಿಯ ಆ ಭಾಗ ಖಾಲಿ. 1981ರ ಒಪ್ಪಂದದಂತೆ ಒಲಿಂಪಿಕ್ಸ್‌ನಲ್ಲಿ ಇವರು 'ಚೈನೀಸ್ ತೈಪೆ'. ಈ ಪಂದ್ಯಾವಳಿಯಲ್ಲೂ ಹಾಗೆಯೇ. ಒಲಿಂಪಿಕ್ಸ್‌ಗೆ ತೈವಾನ್ ಎಂಬ ಹೆಸರಿನಲ್ಲೇ ಅರ್ಜಿ ಹಾಕೋಣವೇ ಎಂಬ ಜನಮತಗಣನೆ 2018ರ ಇದೇ ನವೆಂಬರ್ 24ರಂದು ನಡೆದು ಸೋತಿತ್ತು. ಹೆಸರಿಗಾಗಿ ಹಟ ಹಿಡಿದರೆ ಆಟಗಾರರು ಆಟವನ್ನೇ ಕಳೆದುಕೊಳ್ಳಬಹುದೆಂಬ ಭಯ ಆಗ ಹಲವರನ್ನು ಕಾಡಿತ್ತು.

ತೈವಾನ್ 4-0ಯಿಂದ ಗೆದ್ದಿತು. ಹುಡುಗಿ ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. ಎದೆಯ ಮುಂದೆ ಅದೇ ಚೌಕಟ್ಟು ಹಿಡಿದು ಫೋಟೋ ತೆಗೆಸಿಕೊಂಡಳು. ಲೆಕ್ಕ ಕೊಡಲು ನಾನು ತೆಗೆದ 500ರ ನೋಟಿನ ಮೇಲೆ ಟೋಪಿಗಳನ್ನು ಗಾಳಿಗೆ ತೂರಿ ಕುಣಿಯುವ ಬೇಸ್‌ಬಾಲ್ ಹುಡುಗರ ಚಿತ್ರವಿತ್ತು. ಅದನ್ನು ಕಂಡು ಮಾಲೀಕಳು ಜೋರಾಗಿ ನಕ್ಕು, ನೋಟನ್ನು ಟಿ.ವಿ.ಯತ್ತ ಎತ್ತಿ ಎಲ್ಲರಿಗೂ ತೋರಿಸಿದಳು. ಚಿಲ್ಲರೆಯಾಗಿ ಬಂದ ಹತ್ತರ ನಾಣ್ಯಗಳಲ್ಲಿ ಚಿಯಾಂಗ್‌ನ ಮುಖವಿತ್ತು, ರಸೀತಿಯಲ್ಲಿ ಇಸವಿ 113.