ಗಾಳಿಗಿಂತ ಮೊದಲೇ ಮುಚ್ಚುವ ಕಣ್ಣು

ಕಣ್ಣಿನ ಒತ್ತಡ ಅಳೆಯುವ ಮೆಷಿನ್ ಪಕ್ಕ ಕೂರುವುದು ನನ್ನ ಕೆಲಸ. ಗದ್ದ ಇಟ್ಟು ದೀಪ ನೋಡ್ತಾ ಇದ್ದರೆ ಫುಸ್ ಅಂತ ಗಾಳಿ ಹೊಡೆಯುತ್ತದೆ. ಮೊದಲ ಕಣ್ಣಿಗೆ ಯಾರದೂ ತಕರಾರಿಲ್ಲ. ಎರಡನೆಯದಕ್ಕೆ "ಕಣ್ಣು ಬಿಡಿ ಅಮ್ಮಾ, ಇನ್ನೊಂದೇ ಸಲ" ಅಂತ ಗೋಗರೆಯಬೇಕು. ಇದು ಬರೀ ಹೆದರಿಕೆ. ಅದಕ್ಕೆ ಮೆದುಳಿನಲ್ಲಿ ಅಮಿಗ್ಡಲಾ ಅನ್ನುವ ಬೇರೆ ಜಾಗವೇ ಇದೆ, ಒಂದೆರಡು ಪೆಟ್ಟಿಗೇ ಕಲಿತುಬಿಡುತ್ತದೆ.

ತಲೆಯ ಹಿಂಭಾಗದಲ್ಲಿರುವ ಕಿರುಮೆದುಳು (ಸೆರೆಬೆಲ್ಲಮ್) ಕಲಿಯುವುದು ಹಾಗಲ್ಲ. ನಿಧಾನ, ಆದರೆ ಕರಾರುವಾಕ್ಕು.

ಅಮೆರಿಕದ ರಿಚರ್ಡ್ ಥಾಂಪ್ಸನ್ ಅವರ ತಂಡ ಮೊಲಗಳಿಗೆ ಒಂದು ಸದ್ದು ಕೇಳಿಸಿ, ಸುಮಾರು ಕಾಲು ಸೆಕೆಂಡಿನ ನಂತರ ಕಣ್ಣಿಗೆ ಗಾಳಿ ಊದುತ್ತಿತ್ತು. ನೂರಾರು ಸಲ ಹೀಗಾದ ಮೇಲೆ ಸದ್ದಿಗೇ ಕಣ್ಣು ಮುಚ್ಚುತ್ತದೆ. ಅದೂ ಸದ್ದು ಕೇಳಿದ ಕೂಡಲೇ ಅಲ್ಲ, ಗಾಳಿ ಬರುವ ಹೊತ್ತಿಗೆ ಸರಿಯಾಗಿ!

ಸದ್ದಿನ ಸುದ್ದಿ ಒಂದು ದಾರಿಯಿಂದ, ಗಾಳಿಯ ಸುದ್ದಿ ಇನ್ನೊಂದು ದಾರಿಯಿಂದ ಕಿರುಮೆದುಳಿಗೆ ಬರುತ್ತದೆ. ಎರಡೂ ಸೇರುವ ಒಂದು ಕಡೆ ಪುರ್ಕಿಂಜೆ ಅನ್ನುವ ನರಕೋಶಗಳಿವೆ. ಇವು ಒಳಗಿನ ಇಂಟರ್‌ಪೊಸಿಟಸ್ ಅನ್ನುವ ಪುಟ್ಟ ನರಗಂಟಿಗೆ ಸದಾ ಬ್ರೇಕ್ ಒತ್ತಿಕೊಂಡೇ ಇರುತ್ತವೆ. ಕಲಿತ ಮೇಲೆ ಸರಿಯಾದ ಗಳಿಗೆಗೆ ಬ್ರೇಕ್ ಬಿಡುತ್ತವೆ, ರೆಪ್ಪೆ ಮುಚ್ಚುತ್ತದೆ.

1984ರಲ್ಲಿ ಮೆಕ್‌ಕಾರ್ಮಿಕ್ ಮತ್ತು ಥಾಂಪ್ಸನ್ ಬರೆದದ್ದು ಇದು: ಕಲಿತ ಮೊಲದ ಒಂದು ಬದಿಯ ಆ ಗಂಟನ್ನು ಕೆಡಿಸಿದರೆ, ಆ ಬದಿಯ ಕಣ್ಣು ಸದ್ದಿಗೆ ಮುಚ್ಚುವುದಿಲ್ಲ. ಗಾಳಿ ತಾಗಿದರೆ ಮಾತ್ರ ಎಂದಿನಂತೆ ಮುಚ್ಚುತ್ತದೆ. ಅಂದರೆ ರೆಪ್ಪೆ ಚೆನ್ನಾಗಿಯೇ ಇದೆ, ಹೋಗಿದ್ದು ಕಲಿತದ್ದು ಮಾತ್ರ.

ಆದರೆ ಒಂದು ಅನುಮಾನ ಉಳಿಯುತ್ತದಲ್ವಾ? ಪಾಠ ಬೇರೆಲ್ಲೋ ಇದ್ದು, ಕೆಟ್ಟಿದ್ದು ಹೊರಗೆ ಬರುವ ದಾರಿ ಇರಬಹುದು. ಇದನ್ನು ಬಗೆಹರಿಸಿದ 1993ರ ಪ್ರಯೋಗವೇ ನನಗೆ ಜಾಸ್ತಿ ಇಷ್ಟ. ಈ ಸಲ ಏನನ್ನೂ ಕೆಡಿಸಲಿಲ್ಲ. ಮಸ್ಸಿಮೋಲ್ ಅನ್ನುವ ಔಷಧ ಹಾಕಿ ಮೆದುಳಿನ ಒಂದು ಜಾಗವನ್ನು ಕೆಲವು ಗಂಟೆ ಸುಮ್ಮನಾಗಿಸಿದರು, ಅಷ್ಟೇ. ಕೆಲವು ಮೊಲಗಳಲ್ಲಿ ಕಿರುಮೆದುಳಿನಿಂದ ಆಚೆಯ ದಾರಿಯಲ್ಲಿರುವ ಕೆಂಪು ನರಗಂಟನ್ನು ಸುಮ್ಮನಾಗಿಸಿ ಪಾಠ ಮಾಡಿದರು. ಆಗ ಅವು ಸದ್ದಿಗೆ ರೆಪ್ಪೆ ಮಿಟುಕಿಸಲೇ ಇಲ್ಲ. ಔಷಧ ಇಳಿದ ಮೇಲೆ ನೋಡಿದರೆ, ಪಳಗಿದ ಮೊಲದಂತೆ ಮೊದಲಿಂದಲೇ ಮಿಟುಕಿಸಿದವು. ಕಲಿತಿದ್ದವು, ತೋರಿಸಲು ಆಗಿರಲಿಲ್ಲ. ಇನ್ನು ಕೆಲವಕ್ಕೆ ಕಿರುಮೆದುಳಿನ ಆ ಜಾಗವನ್ನೇ ಸುಮ್ಮನಾಗಿಸಿ ಅಷ್ಟೇ ಪಾಠ ಮಾಡಿದರು. ಔಷಧ ಇಳಿದ ಮೇಲೂ ಅವಕ್ಕೆ ಏನೂ ಗೊತ್ತಿರಲಿಲ್ಲ. ಅ ಆ ಇ ಈಯಿಂದಲೇ ಶುರು ಮಾಡಬೇಕಾಯಿತು.